ಗೊಂಬೆ ಮೆಟ್ಟಿಲ ಮೇಲೊಂದು ದಂಗೆ

ಶಿಕಾಗೋದ ಡೆವನ್ ಅವೆನ್ಯೂದ ಸೀರೆ ಅಂಗಡಿಯಲ್ಲಿ ಇವತ್ತು ಯಾವುದೋ ಹಳೆಯ ಪೆಟ್ಟಿಗೆ ತೆರೆದರು; ನ್ಯಾಫ್ತಲೀನ್ ಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ನನಗೆ ಸೀರೆ ಮರೆತೇ ಹೋಯಿತು ನೋಡಿ. ನೆನಪಾದದ್ದು ರಾಚೆಸ್ಟರ್ ಹಿಲ್ಸಿನ ನಮ್ಮ ಚಿಕ್ಕಮ್ಮನ ದಸರಾ ಗೊಂಬೆಗಳು, ಅವುಗಳ ಕೆಳಗಿನ ಮೆಟ್ಟಿಲಲ್ಲಿ ಹೊತ್ತಿ ಉರಿದ ಒಂದು ಕಬ್ಬಿನ ತೋಟ.

ರಿಸೆಷನ್ನಿನ ಕಾಲ. ನಾನು ಶಿಕಾಗೋದಲ್ಲಿ ಕಾಲೇಜು ಓದುತ್ತ ಡಿಬೇಟ್ ತಂಡದಲ್ಲಿದ್ದೆ. ಅಂದರೆ, ಯಾರಾದರೂ ಗುಡ್ ಮಾರ್ನಿಂಗ್ ಅಂದರೆ ‘ಯಾವ ಆಧಾರದ ಮೇಲೆ?’ ಎಂದು ಕೇಳುವ ವಯಸ್ಸು. ತರಗತಿಗೆಂದು ಒಂದು ಹಳೆಯ ಅಚ್ಚುಚಿತ್ರದ ಬೆನ್ನು ಹತ್ತಿದ್ದೆ: ಕೆರಿಬಿಯನ್ ದ್ವೀಪವೊಂದರಲ್ಲಿ ಗುಲಾಮರು ದಂಗೆಯೆದ್ದು ಯಜಮಾನರ ಬಂಗಲೆಗೆ ಬೆಂಕಿಯಿಟ್ಟ ದೃಶ್ಯ. ಮುಂದೆ ಬಿಳಿ ಉಡುಪಿನ ಯಜಮಾನರು ಕಣ್ಣೀರಿಡುತ್ತ ಓಡುತ್ತಾರೆ. ಹಿಂದೆ ಗುಲಾಮರು, ಹಲ್ಲು ಕಿರಿದ ರಾಕ್ಷಸರ ಹಾಗೆ. ತಲೆಮಾರುಗಟ್ಟಲೆ ಚಾವಟಿ ತಿಂದವರ ಕಣ್ಣೀರಿಗೆ ಅಲ್ಲಿ ಅಂಗುಲ ಜಾಗವಿಲ್ಲ. ಇದು ಚಿತ್ರವಲ್ಲ, ಯಜಮಾನರ ಪರ ವಕಾಲತ್ತು ಎಂದು ಪುಟಗಟ್ಟಲೆ ಬರೆದಿದ್ದೆ.

ಚಿಕ್ಕಮ್ಮ ಗೊಂಬೆಗಳ ಕೆಳಗಿನ ಮೆಟ್ಟಿಲಲ್ಲಿ ವರ್ಷಕ್ಕೊಂದು ಹೊಸ ಸೀನು ಮಾಡುತ್ತಿದ್ದರು. ಆ ವರ್ಷ ಮನಸ್ಸಿರಲಿಲ್ಲ. ಪಕ್ಕದ ಆಬರ್ನ್ ಹಿಲ್ಸಿನ ಕಾರು ಕಂಪನಿಯಲ್ಲಿ ಚಿಕ್ಕಪ್ಪನ ಕೆಲಸ ಹೋಗಿತ್ತು. ಆ ಸುದ್ದಿ ಹೇಳಿದ ಮ್ಯಾನೇಜರು ಚಿಕ್ಕಮ್ಮನ ಜೀವದ ಗೆಳತಿ ಸುಧಾ ಆಂಟಿಯ ಗಂಡ. ಒಗ್ಗರಣೆ ಸೀದರೂ ಫೋನು ಮಾಡಿ ಹೇಳಿಕೊಳ್ಳುತ್ತಿದ್ದ ಗೆಳತಿಯರು ಅಂದಿನಿಂದ ಮಾತು ಬಿಟ್ಟಿದ್ದರು. “ಈ ಸಲ ಸೀನು ನೀನೇ ಮಾಡಮ್ಮ” ಎಂದು ಹಬ್ಬಕ್ಕೆ ಹೋಗಿದ್ದ ನನಗೊಪ್ಪಿಸಿ ಚಿಕ್ಕಮ್ಮ ಕೈಚೆಲ್ಲಿದರು.

ಮಾಡಿದೆ, ಆ ಅಚ್ಚುಚಿತ್ರದ ದಂಗೆಯನ್ನೇ. ಷೂ ಡಬ್ಬಿಯ ಬಂಗಲೆ, ಪೊರಕೆಕಡ್ಡಿಯ ಕಬ್ಬು, ಕಿತ್ತಳೆ ಕಾಗದದ ಬೆಂಕಿ. ಬಿಳಿ ಉಡುಪಿನ ಗೊಂಬೆಗಳೆಂದರೆ ಕ್ರಿಕೆಟ್ ಟೀಮು ಮಾತ್ರ, ಅವರೇ ಯಜಮಾನರಾದರು. ದಂಗೆಯೆದ್ದವರು ಮದುವೆ ಬ್ಯಾಂಡಿನವರು, ಕ್ಲಾರಿನೆಟ್ ಸಮೇತ.

“ಅಯ್ಯೋ, ಮಾತಿಲ್ದಿದ್ರೂ ಸುಧಾನ ಕುಂಕುಮಕ್ಕೆ ಕರ್ದಿದೀನಿ ಕಣೇ! ಅವಳಿಗೇ ಚುಚ್ಚಿದ ಹಾಗಾಗತ್ತೆ. ಇವತ್ತು ಕೆಟ್ರೆ ಕೆಡ್ತು, ಮತ್ತೆ ಈ ಬಾಗ್ಲಿಗೆ ಬರಲ್ಲ ಅವಳು.”

“ಚುಚ್ಚಲಿ ಬಿಡಿ ಚಿಕ್ಕಮ್ಮ. ಯಜಮಾನ, ಆಳು, ಲೇಆಫ್. ಹೋಲಿಕೆ ಸರಿಯಾಗೇ ಇದೆ.”

ಸೋಫಾದಲ್ಲಿ ರೆಸ್ಯೂಮೆ ತಿದ್ದುತ್ತಿದ್ದ ಚಿಕ್ಕಪ್ಪ ತಲೆಯೆತ್ತಿದರು. “ಏನ್ ಸರಿಯಾಗಿದೆ? ನಾನು ಅಪ್ಲೈ ಮಾಡಿ ಸೇರ್ದೋನು. ನಿನ್ನ ಬ್ಯಾಂಡಿನೋರು ಅಪ್ಲೈ ಮಾಡಿದ್ರಾ? ಅವರ ಮಕ್ಕಳನ್ನ ಮಾರ್ತಿದ್ರು ಕಣೇ. ನನ್ನ ಕಷ್ಟ ದೊಡ್ಡದಾಗಿ ಕಾಣ್ಲಿ ಅಂತ ಅವರದನ್ನ ಎಳ್ಕೊಂಡ್ ಬರ್ಬೇಡ.”

ಇದಕ್ಕೊಂದು ಮರುವಾದ ಇದ್ದೇ ಇರಬೇಕು. ನನಗೆ ಈವರೆಗೆ ಸಿಕ್ಕಿಲ್ಲ. ಮುಖ ಸಣ್ಣದು ಮಾಡಿಕೊಂಡು ಬಂಗಲೆ ಎತ್ತಲು ಹೋದೆ.

“ಇರ್ಲಿ ಬಿಡು,” ಅಂದರು ಚಿಕ್ಕಪ್ಪ. “ನಮ್ ಕತೆ ಅಲ್ಲ ಅಂದ್ಮೇಲೆ ಸುಧಾಗೆ ಯಾಕೆ ಚುಚ್ಚತ್ತೆ?”

ಸಂಜೆ ಸುಧಾ ಆಂಟಿ ಬಂದರು, ರೇಷ್ಮೆ ಸೀರೆಯ ಮೇಲೊಂದು ದಪ್ಪ ಕೋಟು. ಗೆಳತಿಯರಿಬ್ಬರೂ ಹವಾಮಾನದ ಮಾತಾಡಿದರು. ಚಳಿಯ ಮಾತೂ ಮುಗಿದ ಮೇಲೆ ಸುಧಾ ಆಂಟಿ ಕೆಳಗಿನ ಮೆಟ್ಟಿಲಿಗೆ ಬಗ್ಗಿದರು.

“ಲಂಕಾದಹನ ಅಲ್ವೇನೇ ವಿಮಲಾ? ಚೆನ್ನಾಗಿದೆ. ಆದ್ರೆ ರಾಕ್ಷಸರು ಯಾಕೆ ಕ್ರಿಕೆಟ್ ಡ್ರೆಸ್ಸಲ್ಲಿದಾರೆ?” ಎಂದು ಚಿಕ್ಕಮ್ಮನನ್ನು ಕೇಳಿದರು.

ನಾನು ಬೆಪ್ಪಾದೆ. ಉರಿಯುವ ಬಂಗಲೆ ಯಾರದೋ ಅವನೇ ರಾವಣ: ಆಂಟಿಯ ತರ್ಕ ಅಷ್ಟೇ. ಚಿತ್ರ ಕೆತ್ತಿದವನು ಬೆವರು ಸುರಿಸಿ ಕಟ್ಟಿದ ವಕಾಲತ್ತು ಒಂದೇ ನೋಟಕ್ಕೆ ತಲೆಕೆಳಗಾಯಿತು. ನನ್ನ ಪುಟಗಳಿಗೆ ಈ ಶಕ್ತಿ ಇರಲಿಲ್ಲ.

ಚಿಕ್ಕಮ್ಮ ‘ಹೂಂ’ ಅಂದಿದ್ದರೆ ಮುಗಿದುಹೋಗುತ್ತಿತ್ತು. ಅವರು ಅನ್ನಲಿಲ್ಲ.

“ಪುರಾಣ ಅಲ್ಲ ಸುಧಾ, ನಿಜವಾಗ್ಲೂ ನಡ್ದದ್ದು. ಗುಲಾಮರು ಸೇರ್ಕೊಂಡು ಯಜಮಾನರ ಮನೆ ಸುಟ್ಟಿದ್ದು.”

ಸುಧಾ ಆಂಟಿ ಬಂಗಲೆಯನ್ನು ನೋಡಿದರು, ಆಮೇಲೆ ಗೆಳತಿಯನ್ನು. ತೀರ ಸಣ್ಣ ದನಿಯಲ್ಲಿ, “ನಾಳೆ ನಮ್ಮನೇಗೆ ಬರ್ತೀಯಾ?” ಎಂದರು.

“ಬರ್ದೇ ಏನು? ಬೆಂಕಿಪೊಟ್ಣ ಮನೇಲಿಟ್ಟು ಬರ್ತೀನಿ.”

ಸುಧಾ ಆಂಟಿ ನಕ್ಕರು. ನಗು ಅರ್ಧದಲ್ಲೇ ಹಾದಿ ತಪ್ಪಿ ಅಳುವಾಯಿತು. ಚಿಕ್ಕಮ್ಮ ಕುಂಕುಮದ ಬಟ್ಟಲನ್ನು ಕೆಳಗಿಟ್ಟು ಅವರ ಕೋಟು ಬಿಚ್ಚಿಸಿದರು. ಅಲ್ಲಿಯವರೆಗೆ ಆ ಕೋಟನ್ನು ತೆಗೆಯಲು ಯಾರೂ ಹೇಳಿರಲಿಲ್ಲ.

ಮರುದಿನ ಚಿಕ್ಕಮ್ಮ ಹೋದರು, ಒಬ್ಬರೇ. “ಗೆಳತಿ ನಿನ್ನೋಳು. ನಂಗೆ ಆ ಮನೆ ಕಾಫಿ ಗಂಟಲಲ್ಲಿ ಇಳಿಯಲ್ಲ” ಎಂದು ಚಿಕ್ಕಪ್ಪ ಉಳಿದುಕೊಂಡರು.

ಅಂಗಡಿಯವರು ಸೀರೆಗಳ ರಾಶಿಯನ್ನೇ ಸುರಿದಿದ್ದಾರೆ. ಚಿಕ್ಕಮ್ಮನಿಗೊಂದು ಆರಿಸಿದೆ, ಸುಧಾ ಆಂಟಿಗೊಂದು. ಚಿಕ್ಕಪ್ಪನಿಗೆ ಆಮೇಲೆ ಬೇರೆ ಕೆಲಸ ಸಿಕ್ಕಿತು. ಆ ಮನೆಯ ಕಾಫಿಯನ್ನು ಅವರು ಇವತ್ತಿಗೂ ಕುಡಿದಿಲ್ಲ. ಕುಡಿಯಲೇಬೇಕೆಂದು ವಾದಿಸಲು ನನ್ನ ಬಳಿ ಒಳ್ಳೊಳ್ಳೆಯ ಪಾಯಿಂಟುಗಳಿವೆ. ವಾದಿಸುವುದಿಲ್ಲ.