ಮೊಮ್ಮಗಳಿಗೆ ಎಲ್ಲಾ ಬರುತ್ತದೆ ಎಂದೆ

ಆದೋನಿಗೆ ಬಂದ ಮೊದಲ ವಾರವೇ, ಮಕ್ಕಳನ್ನು ಉಯ್ಯಾಲೆಯಲ್ಲಿ ತೂಗಿ ದುಡ್ಡಿನ ಬಿಲ್ಲು ಕೊಡುವ ಜಾಗವೊಂದನ್ನು ನೋಡಿದೆ. ಪಕ್ಕದ ಕೋಣೆಯಲ್ಲಿ ಬೋಗುಣಿ ತುಂಬ ಅಕ್ಕಿ. ಒಂದು ಮಗು ಅದರೊಳಗೆ ಕೈ ಹುದುಗಿಸಿ ಗೋಲಿ ಹುಡುಕುತ್ತಿತ್ತು. ನಮ್ಮ ಹೊಳಗುಂದದಲ್ಲಿ ಹಾಗೆ ಮಾಡಿದರೆ ಬೆನ್ನಿಗೆ ಬೀಳುತ್ತಿತ್ತು. ಇಲ್ಲಿ ಅದಕ್ಕೆ ಥೆರಪಿ ಎನ್ನುತ್ತಾರೆ.

ಮೊಮ್ಮಗಳು ಶ್ರಾವಣಿಗೆ ಆಟಿಸಂ ಎಂದು ಗೊತ್ತಾದ ಮೇಲೆ ಈ ಥೆರಪಿಗಾಗಿಯೇ ನಾವು ಊರು ಬಿಟ್ಟೆವು. ಅಳಿಯ ಲಾರಿಯ ಮೇಲೆ ತಿಂಗಳುಗಟ್ಟಲೆ ಹೊರಗೆ. ಮಗಳು ನಾಗವೇಣಿ, ಮಗು ಮತ್ತು ತಾತನಾದ ನಾನು ಹತ್ತಿ ಮಿಲ್ಲಿನ ಹಿಂದೆ ‘ಅದ್ದೆ’ ಮನೆ ಹಿಡಿದೆವು. ಬಾಡಿಗೆಗೆ ತೆಲುಗಿನಲ್ಲಿ ಅದ್ದೆ ಎನ್ನುತ್ತಾರೆ. ಊರಿನಲ್ಲಿ ಎಲ್ಲರೂ ಕೇಳುತ್ತಿದ್ದರು, “ಕೂಸು ಯಾಕ ಮಾತಾಡವಲ್ದು?” ಇಲ್ಲಿ ಯಾರೂ ಏನೂ ಕೇಳುವುದಿಲ್ಲ. ನಿಜ ಹೇಳುತ್ತೇನೆ, ನನಗೆ ಅದೇ ಹಾಯೆನಿಸಿತು.

ಇಂಥ ಮಕ್ಕಳ ಥೆರಪಿಯ ಖರ್ಚು ಕೊಡುವ ಸರ್ಕಾರದ ಆರೋಗ್ಯ ವಿಮೆಯೊಂದಿದೆ. ಆದರೆ ತೊಂದರೆ ಎಷ್ಟಿದೆ ಎಂದು ವೈದ್ಯರು ನೋಡಿ ಅಂಗವೈಕಲ್ಯ ಸರ್ಟಿಫಿಕೇಟ್ ಕೊಡಬೇಕು. ತಪಾಸಣೆಯ ದಿನ ನಾನು ಶ್ರಾವಣಿಗೆ ಹೊಸ ಫ್ರಾಕು ಹಾಕಿ, ಪೌಡರ್ ಬಳಿದು, ಎರಡು ಜಡೆ ಹಾಕಿಸಿದೆ. ದೊಡ್ಡವರ ಮುಂದೆ ಮಗುವನ್ನು ನಿಲ್ಲಿಸುವಾಗ ನಮ್ಮಲ್ಲಿ ಹಾಗೆ ತಾನೆ?

“ಪಾಪ ಮಾಟ್ಲಾಡುತುಂದಾ?” ಮಾತಾಡುತ್ತಾಳಾ ಎಂದು ವೈದ್ಯರು ಕೇಳಿದರು. ನಾಗವೇಣಿ ಬಾಯಿ ತೆರೆಯುವ ಮೊದಲೇ ನಾನೆಂದೆ, “ಭೇಷಾಗಿ ಮಾತಾಡ್ತಾಳ್ರಿ ಸಾರ್.” ಟಿ.ವಿ.ಯ ಸೋಪಿನ ಜಾಹೀರಾತನ್ನು ಅವಳು ಪೂರ್ತಿ ಒಪ್ಪಿಸುತ್ತಿದ್ದಳು. ಅದನ್ನೇ ಹೇಳಿಸಿದೆ. ತಾನೇ ಉಣ್ಣುತ್ತಾಳಾ? ಹೌದು. ಮಕ್ಕಳ ಜೊತೆ ಆಡುತ್ತಾಳಾ? ಹೌದು.

“ಯಪ್ಪಾ, ಸುಮ್ನಿರು. ಇಲ್ರಿ ಸಾರ್, ಆಕಿ...” ನಾಗವೇಣಿ ನಡುವೆ ಬಂದಳು.

“ಹೆತ್ತ ತಾಯಾಗಿ ಕೂಸಿಗೆ ಕೆಟ್ಟ ಹೆಸರಿಡ್ತಿಯೇನ?” ಎಂದು ಎಲ್ಲರೆದುರು ಗದರಿದೆ.

ನಮ್ಮ ಹಿಂದೆ ಸಾಲಿನಲ್ಲಿ ಹೊಳಗುಂದದವರಿದ್ದರು, ಅದಕ್ಕೆ. ವೈದ್ಯರ ತಪ್ಪಿಲ್ಲ. ಮನೆಯ ಹಿರಿಯ ಹೇಳಿದ್ದನ್ನು ನಂಬಿದರು. ತೊಂದರೆ ಅಲ್ಪ ಎಂದು ಬರೆದರು. ಸರ್ಟಿಫಿಕೇಟ್ ಸಿಗಲಿಲ್ಲ, ವಿಮೆಯೂ ಇಲ್ಲ. ದಿನವೂ ಇದ್ದ ಥೆರಪಿ ವಾರಕ್ಕೊಮ್ಮೆಗೆ ಇಳಿಯಿತು, ಆಮೇಲೆ ನಿಂತೇ ಹೋಯಿತು. ಆಗಷ್ಟೇ ಚಮಚ ಹಿಡಿಯಲು ಕಲಿತಿದ್ದ ಮಗು ಅದನ್ನೂ ಮರೆಯಿತು. ನಾಗವೇಣಿ ಜಂತಿಗೆ ಸೀರೆ ಕಟ್ಟಿ ತಾನೇ ತೂಗತೊಡಗಿದಳು. ತೂಗುತ್ತಲೇ ಒಂದು ದಿನ ಅಂದಳು, “ನಿನ್ನ ಮರ್ಯಾದಿ ಉಳೀತಪ್ಪ. ಆಕಿಗೆ ಏನುಳೀತು?”



ಮತ್ತೆ ತಪಾಸಣೆಗೆ ಅವಕಾಶ ಸಿಗಲು ಹೆಚ್ಚುಕಡಿಮೆ ವರ್ಷವೇ ಹಿಡಿಯಿತು. ಈ ಸಲ ಪೌಡರ್ ಬಳಿಯಲಿಲ್ಲ. “ನಾನs ಹೇಳ್ತೀನವ್ವ” ಎಂದು ಮಗಳನ್ನು ಕೇಳಿಕೊಂಡೆ. ಅವಳು ನನ್ನನ್ನು ದಿಟ್ಟಿಸಿ ನೋಡಿ, “ನೆಟ್ಟಗ ಹೇಳು ಮತ್ತ” ಎಂದಳು.

“ಸಾರ್, ಆಕಿ ಕರದ್ರ ತಿರುಗಿ ನೋಡಲ್ರಿ. ಒಂದಕ್ಕ ಬಂದ್ರ ಹೇಳಲ್ರಿ. ದಿನಾ ಹೋಗೋ ಹಾದಿ ಬಿಟ್ರ ನೆಲಕ್ಕ ತಲಿ ಬಡ್ಕೋತಾಳ್ರಿ. ನನ್ನ ಒಮ್ಮೆನೂ ತಾತ ಅಂದಿಲ್ರಿ. ಹೋದ ಸಲ ನಾ ಸುಳ್ಳು ಹೇಳಿದ್ದೆ.” ಹಿಂದೆ ಸಾಲಿನಲ್ಲಿದ್ದವರಿಗೆಲ್ಲ ಕೇಳಿಸಿತು. ನಾನು ಹೇಳಿ ಮುಗಿಸುವವರೆಗೂ ಶ್ರಾವಣಿ ನನ್ನ ಅಂಗಿಯ ಗುಂಡಿ ತಿರುಗಿಸುತ್ತ ಸೋಪಿನ ಜಾಹೀರಾತು ಹೇಳುತ್ತಿದ್ದಳು.

ಈಗ ವಿಮೆ ಸಿಕ್ಕಿದೆ, ಥೆರಪಿ ಮತ್ತೆ ಶುರುವಾಗಿದೆ. ನಡುವೆ ಕಳೆದ ವರ್ಷವನ್ನು ಯಾವ ವಿಮೆಯೂ ತುಂಬಿಕೊಡುವುದಿಲ್ಲ. ಚಮಚವನ್ನು ಮೊದಲಿನಿಂದ ಕಲಿಸುತ್ತಿದ್ದಾರೆ.

ಇಲ್ಲಿ, ಆ ಉಯ್ಯಾಲೆಯ ಕೋಣೆಯಲ್ಲಿ, ನನ್ನ ಹೆಸರು ಯಾರಿಗೂ ಗೊತ್ತಿಲ್ಲ. ನಾನು ಶ್ರಾವಣಿಯ ತಾತ. ಊರಿಗೆ ಬಂದರೆ ನಾನು ಈಗಲೂ ಕೊರತೆಯಿಲ್ಲದ ಮನೆಯ ಯಜಮಾನ. ಬಸ್‌ಸ್ಟ್ಯಾಂಡಿನಲ್ಲಿ ಹೊಳಗುಂದದವರಾದ ನೀವು “ಮೊಮ್ಮಗಳು ಹೆಂಗದಾಳ?” ಎಂದು ಕೇಳಿದಾಗ “ಶಾಲಿಗೆ ಹೊಂಟಾಳ” ಎಂದು ಹೇಳಿ ಬೇಗ ಬೇಗ ನಡೆದಿದ್ದೇನೆ. ಅದಕ್ಕೇ ಇಷ್ಟು ದಿನ ಒಬ್ಬನೇ ಬರುತ್ತಿದ್ದೆ.

ಮುಂದಿನ ಸಲ ಅವಳನ್ನೂ ಕರೆತರುತ್ತೇನೆ. ಅವಳು ನಿಮ್ಮ ಮುಖ ನೋಡುವುದಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಏನು ಕೇಳುವುದಿದ್ದರೂ ನನ್ನನ್ನು ಕೇಳಿ. ನಾನು ನಿಂತು ಹೇಳುತ್ತೇನೆ.