ತೂಗದೆ ಇಳಿಸಿದ ಸಿಲಿಂಡರುಗಳು

ಬೆಳಿಗ್ಗೆ ಆರೂಕಾಲು ಗಂಟೆ. ಹೊಸನಗರದ ಹೊರಗಿನ ಗ್ಯಾಸ್ ಗೋದಾಮಿನ ಮುಂದೆ ಮಂಜು ಇನ್ನೂ ಕರಗಿಲ್ಲ. ಪಿಕಪ್ ಗಾಡಿಯ ಹಿಂಬದಿಗೆ ವೆಲ್ಡಿಂಗ್ ಮಾಡಿಸಿದ ಕಬ್ಬಿಣದ ತೋಳೊಂದಿದೆ. ಮನೆಮನೆಗೆ ಸಿಲಿಂಡರು ಮುಟ್ಟಿಸುವ ಶಂಭು ಅದಕ್ಕೆ ತಕ್ಕಡಿ ಸಿಕ್ಕಿಸುತ್ತಾರೆ, ತಕ್ಕಡಿಯ ಕೊಕ್ಕೆಗೆ ಸಿಲಿಂಡರನ್ನು ನೇತುಹಾಕುತ್ತಾರೆ, ಆಮೇಲೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಅದು ಅಲ್ಲಾಡುವುದು ನಿಲ್ಲಲಿ ಎಂದು ಕಾಯುತ್ತಾರೆ. ಸಿಲಿಂಡರಿನ ಕುತ್ತಿಗೆಯ ಪಟ್ಟಿಯ ಮೇಲೆ ಖಾಲಿ ತೂಕ ಬರೆದಿರುತ್ತದೆ. ಅದಕ್ಕೆ ಹದಿನಾಲ್ಕು ಕಿಲೊ ಇನ್ನೂರು ಗ್ರಾಂ ಗ್ಯಾಸು ಕೂಡಿಸಿದರೆ ಎಷ್ಟಾಗಬೇಕೋ ಅಷ್ಟು ಬಂದರೆ ಒಂದು "ಹ್ಞೂಂ". ಕಡಿಮೆ ಬಂದರೆ ಸೀಮೆಸುಣ್ಣದಲ್ಲಿ ಒಂದು ಅಡ್ಡಗೆರೆ ಎಳೆದು ಪಕ್ಕಕ್ಕೆ ಉರುಳಿಸುತ್ತಾರೆ.

ಚಾಲಕ ದೀಪಕ್ ಸ್ಟೇರಿಂಗಿನ ಮುಂದೆ ಕೂತು ಆಕಳಿಸುತ್ತಾನೆ. "ಶಂಭಣ್ಣ, ನೀವು ಬಂಗಾರ ತೂಗ್ದಂಗೆ ತೂಗ್ತಾ ಕೂತ್ರೆ ಹುಲಿಕಲ್ ಮುಟ್ಟೋದು ಯಾವಾಗ ಮಾರಾಯ್ರೆ?" ಎಂದು ದಿನಾ ಕೇಳುವ ಪ್ರಶ್ನೆ ಕೇಳುತ್ತಾನೆ. ಶಂಭು ಮುಂದಿನ ಸಿಲಿಂಡರನ್ನು ಕೊಕ್ಕೆಗೆ ಏರಿಸುತ್ತಾರೆ. ಇವತ್ತಿನ ನಲವತ್ತೆರಡರಲ್ಲಿ ಒಂದಕ್ಕೆ ಗೆರೆ ಬಿದ್ದಿದೆ. ಉಳಿದ ನಲವತ್ತೊಂದು ಗಾಡಿ ಏರುತ್ತವೆ.

ಐವತ್ತೊಂದು ವರ್ಷದ ಶಂಭು ಈ ಕೆಲಸಕ್ಕೆ ಸೇರಿ ಇಪ್ಪತ್ತು ವರ್ಷ. ತುಂಬಿದ ಒಂದು ಸಿಲಿಂಡರು ಮೂವತ್ತು ಕಿಲೊಗೆ ಒಂಚೂರು ಕಡಿಮೆ. ದಿನಕ್ಕೆ ನಲವತ್ತರ ಮೇಲೆ, ತಿಂಗಳಿಗೆ ಇಪ್ಪತ್ತಾರು ದಿನ. ದಾರಿಯಲ್ಲಿ ಸಿಗುವ ನಗರ ಎಂಬ ಊರಿನ ಪೇಟೆಬೀದಿಯಲ್ಲಾದರೆ ಗಾಡಿಯಿಂದ ಇಳಿಸಿ ಉರುಳಿಸಿದರೆ ಆಯಿತು. ಹುಲಿಕಲ್ ದಿಕ್ಕಿನ ಮನೆಗಳಿಗೆ ಅರ್ಧ ಫರ್ಲಾಂಗು ಹೆಗಲ ಮೇಲೆ ಹೊರಬೇಕು. ಎಡ ಹೆಗಲು ಬಲಕ್ಕಿಂತ ತಗ್ಗಾಗಿದೆ. ದರ್ಜಿಗೆ ಅಂಗಿ ಹೊಲಿಯಲು ಕೊಟ್ಟರೆ ಎರಡೆರಡು ಸಲ ಅಳೆಯುತ್ತಾನೆ ಎಂದು ಅವರೇ ನಗುತ್ತಾರೆ.

ಗೋದಾಮಿನಲ್ಲಿ ತೂಗಿದ್ದು ಸಾಲದೆಂದು ಪ್ರತಿ ಮನೆಯ ಮುಂದೆ ಮತ್ತೊಮ್ಮೆ ತೂಗುತ್ತಾರೆ. ಗಾಡಿ ಹೋಗದ ಕಡೆ ಮನೆಯವರನ್ನೇ ರಸ್ತೆಗೆ ಕರೆಸಿ ತೋರಿಸುತ್ತಾರೆ. ಇದಕ್ಕೆ ದಿನಕ್ಕೆ ಎರಡು ಗಂಟೆ ಹೆಚ್ಚು ಹಿಡಿಯುತ್ತದೆ, ಅದಕ್ಕೆ ಯಾರೂ ಕೂಲಿ ಕೊಡುವುದಿಲ್ಲ. ಕಬ್ಬಿಣದ ತೋಳು ಮಾಡಿಸಿದ್ದು ಸ್ವಂತ ಖರ್ಚಿನಲ್ಲಿ. ವರ್ಷಕ್ಕೊಮ್ಮೆ ಸಾಗರದ ಬಸ್ಸು ಹತ್ತಿ ತಕ್ಕಡಿ ಪರೀಕ್ಷೆ ಮಾಡಿಸಿಕೊಂಡು ಬರುವುದೂ ಹಾಗೆಯೇ. "ಗೋದಾಮಲ್ಲಿ ತೂಗೋದು ನನ್ ಸಮಾಧಾನಕ್ಕೆ. ಮನೆ ಮುಂದೆ ತೂಗೋದು ಅವ್ರ ಹಕ್ಕು. ಕೇಳೋ ಹಕ್ಕು ಅವ್ರಿಗೆ ಮೊದ್ಲಿಂದ್ಲೂ ಇತ್ತು, ಅವ್ರಿಗೆ ಗೊತ್ತಿರ್ಲಿಲ್ಲ. ನಂಗೆ ಗೊತ್ತಿತ್ತು" ಎನ್ನುತ್ತಾರೆ. ಕೊನೆಯ ಎರಡು ಪದ ಹೇಳುವಾಗ ಅವರ ದನಿ ಇಳಿಯುತ್ತದೆ.

ಹೌದು, ಅವರಿಗೆ ಗೊತ್ತಿತ್ತು. ಸಿಲಿಂಡರು ತರುವವನು ತಕ್ಕಡಿ ತರಬೇಕು, ಗಿರಾಕಿ ಕೇಳಿದರೆ ತೂಗಿ ತೋರಿಸಬೇಕು ಎಂದು ಕೆಲಸಕ್ಕೆ ಸೇರಿದ ದಿನವೇ ಹೇಳಿದ್ದರು. ತಕ್ಕಡಿಯನ್ನೂ ಕೊಟ್ಟಿದ್ದರು. ಮೊದಲ ಹದಿನಾರು ವರ್ಷ ಅದು ಗಾಡಿಯ ಸೀಟಿನ ಅಡಿಯಲ್ಲಿ ಗೋಣಿಚೀಲದೊಳಗೆ ಮಲಗಿತ್ತು. ಯಾರೂ ಕೇಳಲಿಲ್ಲ, ಇವರೂ ತೆಗೆಯಲಿಲ್ಲ.

ಯಾಕೆ ಕೇಳಲಿಲ್ಲ ಎಂಬುದು ಈ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಪರಿಚಯದವನು ಮನೆ ಬಾಗಿಲಿಗೆ ಬಂದಿದ್ದಾನೆ, ಬೆವರು ಸುರಿಸಿ ಹೊತ್ತು ತಂದಿದ್ದಾನೆ. ಅವನಿಗೆ ನೀರು, ಬೆಲ್ಲ ಕೊಡುವುದು ಬಿಟ್ಟು ತೂಗಿ ತೋರಿಸು ಅನ್ನುವುದೆಂದರೆ ಮುಖದ ಮೇಲೇ ಕಳ್ಳ ಅಂದಂತೆ. ಸಂತೆಯಲ್ಲಿ ಕಾಲು ಕಿಲೊ ಬೀನ್ಸಿಗೆ ತಕ್ಕಡಿಯ ಮುಳ್ಳನ್ನೇ ದಿಟ್ಟಿಸುವ ಜನ, ಒಂಬೈನೂರು ರೂಪಾಯಿಯ ಆಸುಪಾಸಿನ ಸಿಲಿಂಡರನ್ನು ಕಣ್ಣು ಮುಚ್ಚಿ ಒಳಗಿಟ್ಟುಕೊಳ್ಳುತ್ತಾರೆ. ದಾಕ್ಷಿಣ್ಯ ನಮ್ಮಲ್ಲಿ ಅಷ್ಟು ದುಬಾರಿ. ನಗರದ ಹೂವಮ್ಮನವರು ಇವತ್ತೂ ತಕ್ಕಡಿ ಕಂಡರೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಾರೆ. "ನಮ್ಮನೇಲಿ ಎಷ್ಟು ವರ್ಷದಿಂದ ಕಾಪಿ ಕುಡ್ದೀಯ ಶಂಭು, ನಿನ್ ಮೇಲೆ ನಂಗೆ ಅನುಮಾನ ಇದ್ಯನಾ? ಇಳ್ಸಿ ಹೋಗು" ಎಂದು ಬೇಸರಪಡುತ್ತಾರೆ. "ನಿಮ್ಗೆ ಇಲ್ದಿದ್ರೆ ಬ್ಯಾಡ ಅಮ್ಮಾ, ನಂಗೆ ಐತೆ. ಒಂದ್ ಗಳಿಗೆ ನಿಂತ್ಕೊಂಡು ನೋಡಿ" ಎಂದು ಶಂಭು ಬಿಡದೆ ತೋರಿಸುತ್ತಾರೆ.

ಈ ಹಟ ಎಲ್ಲಿಂದ ಬಂತು ಎಂದು ಕೇಳಿದರೆ ಅವರು ಒಂದು ಮನೆಯ ಕಥೆ ಹೇಳುತ್ತಾರೆ. ನಗರದಿಂದ ನಾಲ್ಕು ಕಿಲೋಮೀಟರು ಒಳಗಿರುವ ಹಳ್ಳಿಯ ಗುತ್ಯಮ್ಮನವರ ಮನೆ. ಗುತ್ಯಮ್ಮ, ಮಗ ರವೀಶ್, ಸೊಸೆ ವರದಾ, ಒಂದು ಕೂಸು. ವರದಾ ತೀರ್ಥಹಳ್ಳಿ ಕಡೆಯ ಮೇಳಿಗೆಯಿಂದ ಬಂದವರು. ಆ ಮನೆಯಲ್ಲಿ ಇವತ್ತು ಒಂದೇ ಸೂರಿನಡಿ ಎರಡು ಒಲೆ ಉರಿಯುತ್ತವೆ. ಅದಕ್ಕೆ ತಾನೇ ಕಾರಣ ಎನ್ನುವುದು ಶಂಭು ಅವರ ಎದೆಯಲ್ಲಿ ಕೂತುಬಿಟ್ಟಿದೆ, ವರದಾ ಮೇಲೆ ಬಿದ್ದ ಕೆಟ್ಟ ಹೆಸರನ್ನು ಹೇಗಾದರೂ ಅಳಿಸಬೇಕು ಎನ್ನುವುದೊಂದೇ ಈಗ ಅವರಿಗೆ ಬೇಕಾಗಿರುವುದು.

ಐದು ವರ್ಷದ ಹಿಂದಿನ ಮಾತು. ಗ್ಯಾಸಿನ ದರ ತಿಂಗಳು ತಿಂಗಳೂ ಏರುತ್ತಿದ್ದ ಕಾಲ. ಮನೆಮನೆಯಲ್ಲೂ ಹೆಂಗಸರು ಎರಡನೇ ಸಲದ ಚಹಾ ನಿಲ್ಲಿಸಿ, ಬೆಳಿಗ್ಗೆಯೇ ಫ್ಲಾಸ್ಕಿಗೆ ತುಂಬಿಡುತ್ತಿದ್ದರು. ಗುತ್ಯಮ್ಮ ಹೊಸ ಸಿಲಿಂಡರು ಹಚ್ಚಿದ ದಿನ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ತಾರೀಕಿಗೆ ಸುತ್ತು ಹಾಕುವವರು. ಮೂವತ್ತೆರಡು ದಿನ ಬರುತ್ತಿದ್ದ ಸಿಲಿಂಡರು ಇಪ್ಪತ್ತೇಳಕ್ಕೇ ಮುಗಿಯತೊಡಗಿತು. ದೀಪಾವಳಿಯ ಮುಂಚೆ ಶಂಭು ಆ ಮನೆಗೆ ಹೋದಾಗ ಗೋಡೆಗೆ ಸುಣ್ಣ ಹೊಡೆಯಲು ಬಂದ ನಾಲ್ಕೈದು ಮಂದಿ ಜಗಲಿಯಲ್ಲಿ ಕೂತು ತಿಂಡಿ ತಿನ್ನುತ್ತಿದ್ದರು. ಗುತ್ಯಮ್ಮ ಕ್ಯಾಲೆಂಡರನ್ನೇ ಕಿತ್ತು ತಂದು ಎದುರಿಗೆ ಹಿಡಿದರು. "ನೋಡು ಶಂಭು, ಇದೆಂತ ಹಿಂಗೆ?" ಎಂದು ಕೇಳಿದರು.

"ತಕ್ಕಡಿ ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು" ಎನ್ನುತ್ತಾರೆ ಶಂಭು. "ತರ್ತೀನಿ ತಡೀರಿ ಅಂದಿದ್ರೆ ಮುಗೀತಿತ್ತು. ಅವತ್ತು ಇನ್ನೂ ಹದಿನೈದು ಮನೆ ಬಾಕಿ ಇದ್ವು. ತಮಾಷೆ ಮಾಡಿ ದಾಟಿಸಿಬಿಟ್ಟೆ."

ಅವರು ಮಾಡಿದ ತಮಾಷೆ ಇದು: "ಸಿಲಿಂಡರಿಗೆ ಎಂತ ಆಗ್ತದೆ ದೊಡ್ಡಮ್ಮ, ನಿಮ್ ಸೊಸೇನ ಕೇಳಿ. ಈಗಿನೋರು ಒಲೆ ಹಚ್ಚಿಟ್ಟು ಮೊಬೈಲ್ ಹಿಡ್ಕೊಂಡ್ರೆ ಗ್ಯಾಸು ಉಳೀತದಾ?" ಸುಣ್ಣ ಹೊಡೆಯುವವರು ಗೊಳ್ಳೆಂದು ನಕ್ಕರು. ಒಳಗಿನಿಂದ ದೋಸೆ ತರುತ್ತಿದ್ದ ವರದಾ ಹೊಸಿಲಲ್ಲೇ ನಿಂತರು. ಶಂಭು ಕೂಡ ನಕ್ಕು, ನೀರು ಕುಡಿದು, ಖಾಲಿ ಸಿಲಿಂಡರು ಹೊತ್ತು ಹೊರಟರು.

ನಗು ಅಲ್ಲಿಗೆ ಮುಗಿಯಲಿಲ್ಲ. ಮುಂದಿನ ಸಿಲಿಂಡರೂ ಬೇಗ ಮುಗಿಯಿತು, ಅದರ ಮುಂದಿನದೂ. ಗ್ಯಾಸಿನವನೇ ಹೇಳಿದ ಮೇಲೆ ಇನ್ನೇನು ಸಾಕ್ಷಿ ಬೇಕು? ಗುತ್ಯಮ್ಮ ಒಲೆ ಹಚ್ಚುವ ಲೈಟರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡತೊಡಗಿದರು. ಕೂಸಿಗೆ ಹಾಲು ಬಿಸಿ ಮಾಡಲೂ ಸೊಸೆ ಕೇಳಿ ಇಸಿದುಕೊಳ್ಳಬೇಕು. ನೆಂಟರ ಮದುವೆಮನೆಯಲ್ಲೂ "ನಮ್ಮ ವರದಂದು ಕೈ ಸ್ವಲ್ಪ ದುಂದು" ಎಂಬ ಮಾತು ಹೋಯಿತು, ಅಲ್ಲಿಂದ ಮೇಳಿಗೆಯ ತವರಿಗೂ ಮುಟ್ಟಿತು. ತಾನು ದಂಡ ಮಾಡಿಲ್ಲ ಎಂದು ತೋರಿಸಲು ವರದಾ ಹಿತ್ತಲಿನಲ್ಲಿ ಮೂರು ಕಲ್ಲು ಹೂಡಿ ಸೌದೆಯಲ್ಲಿ ಬೇಯಿಸಿದರು. ಆ ತಿಂಗಳು ಸಿಲಿಂಡರು ಒಂದು ವಾರ ಹೆಚ್ಚು ಬಂತು, ಇಷ್ಟು ದಿನ ಸೊಸೆ ದಂಡ ಮಾಡಿದ್ದು ನಿಜ ಎನ್ನಲು ಅತ್ತೆಗೆ ಅದೇ ಆಧಾರವಾಯಿತು. ಎಂಟನೇ ತಿಂಗಳಿಗೆ ವರದಾ ತವರಿನಿಂದ ತಂದ ಬಳೆ ಅಡವಿಟ್ಟು ಬೇರೆ ಗ್ಯಾಸು ಮಾಡಿಸಿಕೊಂಡು, ಪಕ್ಕದ ಕೋಣೆಯಲ್ಲಿ ಬೇರೆ ಒಲೆ ಹೂಡಿದರು. ರವೀಶ್ ಊಟ ಒಂದು ಕಡೆ, ಕಾಫಿ ಇನ್ನೊಂದು ಕಡೆ ಅಂತ ಮಾಡಿಕೊಂಡು ಹೇಗೋ ದಿನ ದೂಡುತ್ತಾರೆ. ಆ ಹೊಸ ಸಿಲಿಂಡರನ್ನು ಹೊತ್ತು ಒಳಗಿಟ್ಟವರೂ ಶಂಭುವೇ.

ಇದಾಗಿ ಮೂರು ತಿಂಗಳಿಗೆ ನಗರಕ್ಕೆ ವಿನಯಾ ಎಂಬ ಹೊಸ ಶಿಕ್ಷಕಿ ವರ್ಗವಾಗಿ ಬಂದರು. ಅವರಿಗೆ ಈ ಕಡೆಯ ದಾಕ್ಷಿಣ್ಯ ಇನ್ನೂ ರೂಢಿಯಾಗಿರಲಿಲ್ಲ. ಮೊದಲ ಸಿಲಿಂಡರು ಇಳಿಸುತ್ತಿದ್ದಂತೆ "ತೂಕ ಮಾಡಿ ತೋರಿಸ್ತೀರಾ?" ಎಂದು ಸಹಜವಾಗಿ ಕೇಳಿದರು. ಹದಿನಾರು ವರ್ಷದಲ್ಲಿ ಮೊದಲ ಸಲ ಕೇಳಿದ್ದು. ಶಂಭುಗೆ ರೇಗಿತು. ಗೊಣಗುತ್ತಲೇ ಗೋಣಿಚೀಲ ಬಿಚ್ಚಿ, ತುಕ್ಕು ಹಿಡಿದ ಕೊಕ್ಕೆಗೆ ಎಣ್ಣೆ ಬಿಟ್ಟು, ಮಾವಿನ ಕೊಂಬೆಗೆ ನೇತುಹಾಕಿ ತೂಗಿದರು. ಎರಡು ಕಿಲೊ ಕಡಿಮೆ. ತಕ್ಕಡಿಯೇ ಕೆಟ್ಟಿದೆ ಅಂದುಕೊಂಡು ಇನ್ನೊಂದು ತೂಗಿದರು, ಸರಿ ಬಂತು. ಮತ್ತೊಂದು ಕಡಿಮೆ ಬಂತು. ಅಲ್ಲೇ ರಸ್ತೆಯಲ್ಲಿ ಗಾಡಿಯಲ್ಲಿದ್ದ ಹತ್ತೊಂಬತ್ತನ್ನೂ ತೂಗಿದರು. ಆರು ಕಡಿಮೆ ಇದ್ದವು.

ಗೋದಾಮಿನಲ್ಲಿ ಕೂಗಾಟವಾಯಿತು. ಅಲ್ಲಿ ಕೆಲಸಕ್ಕಿದ್ದ ಒಬ್ಬ ಸೀಲು ಬಿಚ್ಚಿ ಗ್ಯಾಸು ಕದ್ದು, ಮತ್ತೆ ಸೀಲು ಕೂರಿಸುತ್ತಿದ್ದುದು ಹೊರಬಿತ್ತು. ಒಂದೂವರೆ ವರ್ಷದಿಂದ ಮಾಡುತ್ತಿದ್ದನಂತೆ. ಹೊಸನಗರ ಪೇಟೆಯವರದ್ದನ್ನು ಮುಟ್ಟುತ್ತಿರಲಿಲ್ಲ, ಒಳಹಳ್ಳಿಗೆ ಹೋಗುವ ಗಾಡಿಯದ್ದೇ ಆರಿಸುತ್ತಿದ್ದ. "ಶಂಭು ತೂಗಲ್ಲ, ಆ ಜನ ಕೇಳಲ್ಲ ಅಂತ ಗೊತ್ತಿತ್ತು ಅಂದ" ಎನ್ನುವಾಗ ಶಂಭು ತಲೆ ಎತ್ತುವುದಿಲ್ಲ. ಅವನನ್ನು ಓಡಿಸಿದರು. ಏಜೆನ್ಸಿ ಈಗ ಬೇರೆಯವರ ಕೈಗೆ ಹೋಗಿದೆ. ಕಡಿಮೆ ತೂಕದ ಸಿಲಿಂಡರು ಪಡೆದ ಮನೆಗಳಿಗೆ ಯಾರೂ ಏನೂ ಹೇಳಲಿಲ್ಲ.

ಅದೇ ವಾರ ಶಂಭು ಗುತ್ಯಮ್ಮನವರಿಗೆ ಹೇಳಿದರು. ಅವರು "ಆಗಿದ್ದು ಆಗೋತು. ಈಗ ಎಂತಕ್ಕೆ ಆ ಸುದ್ದಿ?" ಎಂದು ಎದ್ದು ಹೋದರು. ತಪ್ಪು ಒಪ್ಪಿಕೊಂಡರೆ ಆ ಎಂಟು ತಿಂಗಳನ್ನು ಅವರು ಎಲ್ಲಿ ಇಟ್ಟುಕೊಳ್ಳಬೇಕು? ಶಂಭು ಮನೆ ಸುತ್ತು ಹಾಕಿ ಹಿತ್ತಲ ಬಾಗಿಲಿಗೆ ಹೋಗಿ ವರದಾಗೂ ಹೇಳಿದರು. ತಪ್ಪು ನನ್ನದು ತಂಗೀ ಅಂದರು.

ವರದಾ ಪಾತ್ರೆ ತೊಳೆಯುತ್ತಿದ್ದವರು ಕೈ ಒರೆಸಿಕೊಂಡು ಎದ್ದು ನಿಂತರು. "ಅವತ್ತು ಜಗಲೀಲಿ ನಿಂತು ಊರಿಗೆಲ್ಲ ಕೇಳೋ ಹಂಗೆ ಹೇಳಿದ್ರಿ ಶಂಭಣ್ಣ. ಇವತ್ತು ಹಿತ್ಲ ಬಾಗ್ಲಲ್ಲಿ ಪಿಸುಪಿಸು ಅಂತೀರಲ್ಲ!" ಎಂದರು. ಅಷ್ಟೇ ಅಂದಿದ್ದು. ಬೈದಿದ್ದರೆ ಚೆನ್ನಾಗಿತ್ತು ಎಂದು ಶಂಭುಗೆ ಈಗಲೂ ಅನಿಸುತ್ತದೆ.

ಜಗಲಿಯಲ್ಲೇ ನಿಂತು ಹೇಳಬೇಕೆಂದು ಅವರು ಎರಡು ಸಲ ಹೋಗಿದ್ದಾರೆ. ಒಮ್ಮೆ ನೆಂಟರಿದ್ದರು, ಇನ್ನೊಮ್ಮೆ ಸಂಘದ ಹೆಂಗಸರು ಸೇರಿದ್ದರು. ಎರಡು ಸಲವೂ ಬೇರೆ ಮಾತಿಗೆ ಹೊರಳಿದರು. ವಾಷರು ಸರಿಯಿದೆಯಾ ನೋಡ್ಕೊಳ್ಳಿ, ನೀರು ಬಿಟ್ಟು ಗುಳ್ಳೆ ಬರ್ತದಾ ನೋಡಿ, ಎಂದು ದಿನದ ಮಾತೇ ಆಡಿ ಹೊರಟು ಬಂದರು. ಮೂವತ್ತು ಕಿಲೊ ಹೊತ್ತು ದಿಣ್ಣೆ ಏರುವ ಮನುಷ್ಯನಿಗೆ ಅಷ್ಟು ಸಣ್ಣ ಮಾತು ಎತ್ತಲಾಗಲಿಲ್ಲ. ತಮಾಷೆ ಎಷ್ಟು ಸಲೀಸಾಗಿ ಬಾಯಿಗೆ ಬಂದಿತ್ತು ಎಂದು ನೆನೆದು ಅವರೇ ನೊಂದುಕೊಳ್ಳುತ್ತಾರೆ. "ಎರಡು ಕಿಲೊ ಗ್ಯಾಸಿಂದು ಎಂತ, ಬೇಕಾರೆ ನಾನೇ ತುಂಬಿಕೊಡ್ತಿದ್ದೆ. ಒಂದೇ ಸಾರಲ್ಲಿ ಉಣ್ತಿದ್ದ ಮನೆ ಅದು, ಅದನ್ನ ಎಲ್ಲಿಂದ ತುಂಬಿಕೊಡ್ಲಿ?" ಎನ್ನುತ್ತಾರೆ.

ಭಾನುವಾರದ ಪೇಪರಿನಲ್ಲಿ ಅವರ ಬಗ್ಗೆ ಬರೆಯುವ ಮಾತು ಬಂದಾಗ ಶಂಭು ಮೊದಲು ಬೇಡವೇ ಬೇಡ ಅಂದಿದ್ದರು. ಎರಡು ದಿನ ಬಿಟ್ಟು ತಾವಾಗಿಯೇ ಫೋನ್ ಮಾಡಿದರು. ಅಷ್ಟರಲ್ಲಿ ಆ ಮನೆಗೆ ಹೋಗಿ, ಹೆಸರು ಹಾಕಬಹುದಾ ಎಂದು ಇಬ್ಬರನ್ನೂ ಕೇಳಿ ಬಂದಿದ್ದರು. ಗುತ್ಯಮ್ಮ "ಎಂತ ಬೇಕಾರೂ ಬರ್ಸ್ಕೋ" ಎಂದು ಮುಖ ತಿರುಗಿಸಿದರಂತೆ. ವರದಾ ಮಾತ್ರ "ನಗಾಡೋವಾಗ ಹೆಸ್ರು ಬಿಟ್ಟು ನಗಾಡಿದ್ರಾ? ಹಾಕಿ" ಅಂದರಂತೆ.

ಇವತ್ತಿನ ಕೊನೆಯ ಸಿಲಿಂಡರು ಇಳಿಸಿ, ತಕ್ಕಡಿಯನ್ನು ಬಟ್ಟೆಯಲ್ಲಿ ಒರೆಸುತ್ತ ಶಂಭು ತಮ್ಮ ಬೇಡಿಕೆ ಹೇಳುತ್ತಾರೆ.

"ನನ್ ಫೋಟೊ ಹಾಕದಿದ್ರೂ ಅಡ್ಡಿಲ್ಲ. ಒಂದ್ ಮಾತು ಮಾತ್ರ ಬಿಡ್ಬ್ಯಾಡಿ. ಆ ಮನೇಲಿ ವರದಾ ಗ್ಯಾಸು ದಂಡ ಮಾಡಿರ್ಲಿಲ್ಲ, ಶಂಭು ತೂಗದೆ ಇಳ್ಸಿದ್ದ ಅಂತ ಬರೀರಿ. ದೊಡ್ಡಮ್ಮಂಗೆ ಅಂಕಿ ಬಿಟ್ರೆ ಓದಕ್ಕೆ ಬರಲ್ಲ. ಒಲೆ ಬೇರೆ ಆದ್ರೂ ಭಾನುವಾರ ಅವ್ರಿಗೆ ಪೇಪರ್ ಓದಿ ಹೇಳೋದು ಈಗ್ಲೂ ವರದಾನೇ. ನನ್ ಬಾಯಲ್ಲಿ ಬರ್ದೇ ಇದ್ದಿದ್ದು, ಅವ್ಳ ಬಾಯಲ್ಲಾದ್ರೂ ಗಟ್ಟಿಯಾಗಿ ಬರ್ಲಿ."