ಊರ ಗಡಿ ದಾಟಿದ ಹಿರಿಮಗ

ಸ್ಟೀಲ್ ಟ್ರೇ ಮೇಲೆ ಪ್ಲಾಸ್ಟಿಕ್ ಕಪ್ ಇಡುವಾಗಿನ ಆ ಸಣ್ಣ ‘ಟಕ್’ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಕೆಲವೇ ವರ್ಷಗಳ ಹಿಂದೆ, ನಿವೃತ್ತಿಗೆ ಮುಂಚಿನ ಕೊನೆಯ ವರ್ಷ, ನಾನು ಹಾಸನದ ಒಂದು ವ್ಯಸನ ಚಿಕಿತ್ಸಾ ಕೇಂದ್ರದಲ್ಲಿ ಸ್ಟಾಫ್ ನರ್ಸ್. ನೋವಿನ ಮಾತ್ರೆ, ಇಂಜೆಕ್ಷನ್ನುಗಳ ಚಟಕ್ಕೆ ಬಿದ್ದವರಿಗೆ ಮೆಥಡೋನ್ ಸಿರಪ್ ಕೊಡುತ್ತಿದ್ದೆವು. ಸರಿಯಾದ ಡೋಸ್ ಅಮಲೇರಿಸದೆ ಮೈಯ ನಡುಕ ತಡೆದು, ಮನುಷ್ಯನನ್ನು ಮತ್ತೆ ಕೆಲಸಕ್ಕೆ ನಿಲ್ಲಿಸುತ್ತದೆ. ಆದರೆ ದಿನಾ ನಮ್ಮೆದುರೇ ಕುಡಿದು, ನೀರು ನುಂಗಿ, ಬಾಯಿ ತೋರಿಸಿ, ಹೆಸರು ಹೇಳಬೇಕು. ಬಾಯಲ್ಲಿ ಉಳಿಸಿಕೊಂಡು ಹೊರಗೆ ಮಾರದಿರಲಿ ಎಂದು.

ಹಳ್ಳಿಮೈಸೂರು ಕಡೆಯ ರಂಗಸ್ವಾಮಿ ಟ್ರ್ಯಾಕ್ಟರ್ ಮೆಕ್ಯಾನಿಕ್. ಸೊಂಟಕ್ಕೆ ಪೆಟ್ಟಾದಾಗ ತಿಂದ ಮಾತ್ರೆ ಅವನನ್ನು ಸೂಜಿಯವರೆಗೆ ಎಳೆದಿತ್ತು. ನಮ್ಮಲ್ಲಿಗೆ ಬಂದ ಮೇಲೆ ಎಂಟು ತಿಂಗಳು ಒಂದು ದಿನವೂ ತಪ್ಪಿಸಿರಲಿಲ್ಲ.

“ಓಟ್ ಆಕ್ದೋರು ಬೆಳ್ಳು ತೋರ್ಸ್ದಂಗೆ ನಾನು ದಿನಾ ಬಾಯ್ ತೋರುಸ್ಬೇಕಲ್ಲ ಸಿಸ್ಟರಮ್ಮ!” ಎಂದು ನಗುತ್ತಿದ್ದ.

ಆಗ ಅವನ ತಂದೆ ಚಿಕ್ಕೇಗೌಡರು ತೀರಿಕೊಂಡರು. ಕೊಳ್ಳಿ ಇಟ್ಟ ಹಿರಿಮಗ ಹನ್ನೊಂದನೇ ದಿನದ ತಿಥಿಯವರೆಗೆ ಊರ ಗಡಿ ದಾಟಬಾರದು ಎಂದರು ಅವನ ದೊಡ್ಡಪ್ಪ. ರಂಗಸ್ವಾಮಿಯ ಹೆಂಡತಿ ಜಯಮ್ಮ ನಮ್ಮಲ್ಲಿಗೆ ಓಡಿ ಬಂದಳು. ನಾನು ಕೇಂದ್ರದ ವೈದ್ಯಾಧಿಕಾರಿಯ ಮುಂದೆ ನಿಂತೆ.

“ಸರ್, ಕೇಸ್ ಜೆನ್ಯೂನ್. ಡೋಸ್ ಮನೆಗೆ ಕೊಡೋಣ.”

“ಕೈಗೆ ಕೊಟ್ರೆ ಮಾರ್ಕೋತಾರೆ ಸಿಸ್ಟರ್. ಚಟದವರನ್ನ ನಂಬೋಕಾಗುತ್ತಾ?”

ರಂಗಸ್ವಾಮಿಯ ಎಂಟು ತಿಂಗಳ ಹಾಜರಿ ಪುಸ್ತಕ ಅವರ ಮೇಜಿನ ಮೇಲೆಯೇ ಇತ್ತು. ತೆರೆದೂ ನೋಡಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ಡೋಸ್ ತಪ್ಪಿದ ಎರಡನೇ ದಿನ ನಾನೇ ಅವನ ಊರಿಗೆ ಹೋದೆ. ರಂಗಸ್ವಾಮಿ ಬೆವರುತ್ತ, ಮೊಣಕಾಲು ತಬ್ಬಿಕೊಂಡು ಜಗಲಿಯ ಮೇಲೆ ಕೂತಿದ್ದ. ಹಳೆಯ ಗೆಳೆಯನೊಬ್ಬ ಸೂಜಿ ತಂದುಕೊಡುತ್ತೇನೆಂದು ಆಗಲೇ ಹೇಳಿಕಳಿಸಿದ್ದನಂತೆ.

“ಶುಗರ್‌ಗೆ ಇನ್ಸುಲಿನ್ ಆಗಿದ್ರೆ ಕಳಿಸ್ತಿರಲಿಲ್ವಾ?” ಎಂದು ದೊಡ್ಡಪ್ಪನನ್ನು ಕೇಳಿದೆ.

“ಅದು ಕಾಯ್ಲೆ ಕಣವ್ವ, ಇದು ಕೊಬ್ಬು. ಗಡಿ ದಾಟುದ್ರೆ ತಿಥಿ ಇವನ್ ತಮ್ಮನೇ ಮಾಡ್ತಾನೆ.”

ರಂಗಸ್ವಾಮಿ ಗೋಡೆ ಹಿಡಿದು ಎದ್ದ. “ಮಾಡ್ಲಿ ಬುಡು ದೊಡ್ಡಪ್ಪ. ಸೂಜಿ ಚುಚ್ಕಂಡು ಪಿಂಡ ಇಡಾದ್ಕಿಂತ ಬಸ್ ಅತ್ತದೇ ವಾಸಿ.”

ನನ್ನ ಜೊತೆಯೇ ಹೊರಟ. ದೊಡ್ಡಪ್ಪನೂ ಮಾತು ಉಳಿಸಿಕೊಂಡರು; ತಿಥಿ ತಮ್ಮನ ಕೈಯಲ್ಲೇ ಮಾಡಿಸಿದರು. ತಿಥಿಯ ದಿನ ಅವನು ತನ್ನ ಮನೆಯ ಅಂಗಳದಾಚೆ ನಿಂತಿದ್ದನಂತೆ.

‘ರೂಲ್ಸ್ ಆರ್ ರೂಲ್ಸ್’ ಎಂದು ನಾನು ಓದಿದ ಕಾನ್ವೆಂಟಿನಲ್ಲಿ ಮದರ್ ಕಲಿಸಿದ್ದನ್ನು ನಾನು ಸರ್ವಿಸ್ ಪೂರ್ತಿ ನಂಬಿದ್ದೆ. ಗುಣವಾಗಲು ಬಂದವನನ್ನು ಕಳ್ಳನಂತೆ ಕಾಯುವುದು ಚಿಕಿತ್ಸೆಯಲ್ಲ ಎಂದು ಕಲಿಸಿದವನು ರಂಗಸ್ವಾಮಿ.

ಅವನನ್ನು ಕೊನೆಯ ಸಲ ನೋಡಿದ್ದು ನನ್ನ ಕೆಲಸದ ಕೊನೆಯ ದಿನ. ಕಪ್ ಖಾಲಿ ಮಾಡಿ, ನೀರು ಕುಡಿದು, ಬಾಯಿ ತೆರೆದು ತೋರಿಸಿದ. ಹೆಸರು ನಾನು ಕೇಳಲಿಲ್ಲ. ಅವನೇ ಹೇಳಿದ:

“ರಂಗಸ್ವಾಮಿ. ಚಿಕ್ಕೇಗೌಡ್ರ ಇರೀಮಗ.”